ವಾರಕ್ಕೊಂದೇ ದಿನದ ಮದ್ದು

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾವು ಊಟಕ್ಕೂ ಮಾತಿಗೂ ಸ್ನೇಹಕ್ಕೂ ಅನ್ವಯಿಸಿ ಆಡುವುದುಂಟು. ವೈದ್ಯಶಾಸ್ತ್ರದಲ್ಲಿ ಈ ಗಾದೆಗೆ ಅಕ್ಷರಶಃ ನಿದರ್ಶನವಾಗಿ ನಿಲ್ಲುವ ಔಷಧವೊಂದಿದೆ. ಅದರ ಹೆಸರು ಮೆಥೊಟ್ರೆಕ್ಸೇಟ್. ಕೀಲುಗಳನ್ನು ಕೊರೆದು ಬೆರಳುಗಳನ್ನು ಸೊಟ್ಟಗೆ ಮಾಡುವ ರುಮಟಾಯ್ಡ್ ಸಂಧಿವಾತಕ್ಕೆ ಇಂದು ಲೋಕದ ಎಲ್ಲೆಡೆ ವೈದ್ಯರು ಮೊದಲು ಕೈಹಾಕುವುದು ಈ ಮಾತ್ರೆಗೇ. ವಾರದಲ್ಲಿ ಒಂದು ದಿನ ಸೇವಿಸಿದರೆ ಅದು ಕೈಕಾಲುಗಳನ್ನು ಉಳಿಸುತ್ತದೆ. ಅದನ್ನೇ ದಿನವೂ ಸೇವಿಸಿದರೆ ವಾರ ಹತ್ತು ದಿನಗಳೊಳಗೆ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಒಂದೇ ಮಾತ್ರೆಗೆ ಈ ಎರಡು ಮುಖಗಳು ಹೇಗೆ ಬಂದವು ಎಂಬುದನ್ನು ತಿಳಿದವರಿಗೆ ವಾರದ ನಿಯಮವು ವೈದ್ಯರ ಅಪ್ಪಣೆಯಾಗಿ ಉಳಿಯುವುದಿಲ್ಲ, ತಮ್ಮದೇ ತಿಳುವಳಿಕೆಯಾಗುತ್ತದೆ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು ಭಾಷೆ, ಚೀಟಿಯಲ್ಲಿ ಮತ್ತೊಂದು ಭಾಷೆ ಇರುವ ಹೊಸೂರು, ಕೃಷ್ಣಗಿರಿ ಸೀಮೆಯ ನಮಗಂತೂ ಈ ತಿಳುವಳಿಕೆ ಅತ್ಯಗತ್ಯ.

ಎಲ್ಲ ಕೀಲುನೋವೂ ಒಂದೇ ಅಲ್ಲ

ರುಮಟಾಯ್ಡ್ ಸಂಧಿವಾತವು ದೇಹ ತನ್ನ ಮೇಲೆ ತಾನೇ ಮುನಿದ ರೋಗ. ಹೊರಗಿನ ರೋಗಾಣುಗಳನ್ನು ಕೊಲ್ಲಬೇಕಾದ ಬಿಳಿಯ ರಕ್ತಕಣಗಳು ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ಬಗೆದು ಅದರ ಮೇಲೆ ಬೀಳುತ್ತವೆ. ಪೊರೆ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಕಾಲಕ್ರಮದಲ್ಲಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಭಾರತದಲ್ಲಿ ಸಾವಿರ ವಯಸ್ಕರಲ್ಲಿ ಸುಮಾರು ಏಳೆಂಟು ಮಂದಿಗೆ ಈ ರೋಗವಿದೆಯೆಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಬೆರಳಿನ ಗೆಣ್ಣುಗಳು, ಮಣಿಕಟ್ಟುಗಳು ಒಟ್ಟಿಗೆ ಊದುವುದು, ಬೆಳಿಗ್ಗೆ ಎದ್ದಾಗ ಕೈ ಬಿಗಿದುಕೊಂಡು ಗಂಟೆಯಾದರೂ ಸಡಿಲವಾಗದಿರುವುದು ಇದರ ಮುಖ್ಯ ಲಕ್ಷಣ. ಹೊತ್ತು ಏರುವವರೆಗೆ ಮುದ್ದೆ ತಿರುವಲು ಕೈ ಬಾರದು, ತೋಟದಲ್ಲಿ ಗುಲಾಬಿ ಕೀಳಲು ಬೆರಳು ಮಡಚದು. ಆಯುರ್ವೇದದಲ್ಲಿ ಇದನ್ನು ಹೋಲುವ ಕಾಯಿಲೆಯನ್ನು ಆಮವಾತವೆಂದು ಕರೆದಿದ್ದಾರೆ. ತಮಿಳಿನಲ್ಲಿ ಇದಕ್ಕೆ ಮುಡಕ್ಕುವಾದಂ ಎಂದು ಹೆಸರು.

ನಮ್ಮ ಸೀಮೆಯಲ್ಲಿ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಒಂದು ಲೀಟರಿನಲ್ಲಿ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುವುದಲ್ಲದೆ ಕತ್ತು, ಬೆನ್ನು, ಸೊಂಟಗಳು ಬಿಗಿದು ನೋಯತೊಡಗುತ್ತವೆ. ಈ ಬಾಧೆಯನ್ನು ನೀಗುವುದಕ್ಕೆಂದೇ ಕಾವೇರಿಯ ನೀರನ್ನು ಈ ಎರಡು ಜಿಲ್ಲೆಗಳಿಗೆ ತರುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ೨೦೧೩ರಲ್ಲಿ ಕಾರ್ಯಾರಂಭ ಮಾಡಿತು. ೨೦೦೬ರಲ್ಲಿ ಕರ್ನಾಟಕ, ತಮಿಳುನಾಡುಗಳೆರಡರಲ್ಲೂ ಹಬ್ಬಿದ ಚಿಕುನ್‌ಗುನ್ಯಾ ಜ್ವರವು ಜ್ವರ ಬಿಟ್ಟ ಮೇಲೂ ಹಲವರ ಕೀಲುಗಳನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಮುಪ್ಪಿನಲ್ಲಿ ಮಂಡಿ ಸವೆದು ಬರುವ ನೋವು ಬೇರೆಯೇ ಉಂಟು. ಫ್ಲೋರೈಡಿನ ನೋವಿಗಾಗಲಿ ಸವೆದ ಮಂಡಿಗಾಗಲಿ ಮೆಥೊಟ್ರೆಕ್ಸೇಟ್ ಮದ್ದಲ್ಲ. ಆದ್ದರಿಂದ ನೆರೆಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ಕೇಳಿ ಪಡೆಯುವುದು ಸಲ್ಲದು. ರಕ್ತಪರೀಕ್ಷೆ, ಕ್ಷ-ಕಿರಣ ಚಿತ್ರಗಳಿಂದ ರೋಗ ಇದೇ ಎಂದು ನಿಶ್ಚಯವಾದ ಮೇಲೆಯೇ ಮದ್ದಿನ ಮಾತು.

ಸೊಪ್ಪಿನಿಂದ ಹೊರಟ ಕಥೆ

ಈ ಔಷಧದ ಕಥೆ ಆರಂಭವಾಗುವುದು ನಮ್ಮ ದೇಶದಲ್ಲಿಯೇ. ೧೯೨೮ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಅರಸಿದಳು. ಯೀಸ್ಟಿನ ಸಾರವನ್ನು ಕೊಟ್ಟರೆ ಅವರು ಚೇತರಿಸಿಕೊಳ್ಳುವುದನ್ನು ಕಂಡು ೧೯೩೧ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಜೀವಸತ್ತ್ವ ಯಾವುದೆಂಬುದು ಮಾತ್ರ ತಿಳಿಯಲಿಲ್ಲ. ಹತ್ತು ವರ್ಷಗಳ ಅನಂತರ, ೧೯೪೧ರಲ್ಲಿ, ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪನ್ನು ಅರೆದು ಬಸಿದು ಒಂದಿಷ್ಟು ಸತ್ತ್ವವನ್ನು ಬೇರ್ಪಡಿಸಿ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಎಲೆ ಎಂಬ ಅರ್ಥದ ಮಾತಿನಿಂದ ಆ ಹೆಸರು ಬಂದಿದೆ. ನಮ್ಮ ಬಸ್ಸಾರು, ಮಸ್ಸೊಪ್ಪುಗಳಲ್ಲಿ ಇರುವುದೂ ಇದೇ ಸತ್ತ್ವ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಬ್ಬಿಣದ ಮಾತ್ರೆಯೊಡನೆ ಕೊಡುವುದೂ ಇದನ್ನೇ.

ಈ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕರು ಯಲ್ಲಾಪ್ರಗಡ ಸುಬ್ಬರಾವ್. ೧೮೯೫ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ಭೀಮಾವರದಲ್ಲಿ ಹುಟ್ಟಿ, ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಅಲ್ಲಿನ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿ, ಅಮೆರಿಕಕ್ಕೆ ತೆರಳಿದ ಇವರು ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ತಮ್ಮ ಒಡಹುಟ್ಟಿದವರನ್ನು ಸಂಗ್ರಹಣಿಯಂಥ ಕಾಯಿಲೆಗೆ ಕಳೆದುಕೊಂಡಿದ್ದ ಅವರಿಗೆ ಆ ಕಾಯಿಲೆಗೆ ಮದ್ದಾಗಬಲ್ಲ ಫೋಲಿಕ್ ಆಮ್ಲದ ಹುಡುಕಾಟ ಬರಿಯ ಉದ್ಯೋಗವಾಗಿರಲಿಲ್ಲ.

ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಆಗ ಮಕ್ಕಳ ರಕ್ತದ ಕ್ಯಾನ್ಸರಿಗೆ ಮದ್ದು ಅರಸುತ್ತಿದ್ದರು. ಫೋಲಿಕ್ ಆಮ್ಲವನ್ನು ಕೊಟ್ಟರೆ ಕ್ಯಾನ್ಸರ್ ಮತ್ತಷ್ಟು ಹುರುಪಿನಿಂದ ಬೆಳೆಯುವಂತೆ ಅವರಿಗೆ ತೋರಿತು. ಹಾಗಾದರೆ ಅದನ್ನು ತಡೆದರೆ ಕ್ಯಾನ್ಸರ್ ಸೊರಗಬೇಕಲ್ಲವೆ? ಸುಬ್ಬರಾಯರ ತಂಡ ಫೋಲಿಕ್ ಆಮ್ಲದ ಅಣುವನ್ನೇ ತುಸು ತಿದ್ದಿ, ಅದರ ವೇಷ ಧರಿಸಿ ಅದರ ಕೆಲಸವನ್ನೇ ಕೆಡಿಸುವ ಪದಾರ್ಥಗಳನ್ನು ರಚಿಸಿಕೊಟ್ಟಿತು. ಅವುಗಳಲ್ಲಿ ಒಂದಾದ ಅಮಿನಾಪ್ಟರಿನ್ ಪಡೆದ ೧೬ ಮಕ್ಕಳಲ್ಲಿ ೧೦ ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರೆಂದು ಫಾರ್ಬರ್ ೧೯೪೮ರ ಜೂನಿನಲ್ಲಿ ವರದಿ ಮಾಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ತಮ್ಮ ೫೩ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮಿನಾಪ್ಟರಿನ್ನಿನ ಒಡಹುಟ್ಟೇ ಮೆಥೊಟ್ರೆಕ್ಸೇಟ್.

ಕ್ಯಾನ್ಸರಿನ ಮದ್ದು ಕೀಲಿಗೆ ಬಂದುದು ಅನಂತರದ ಕಥೆ. ೧೯೫೧ರಲ್ಲಿ ನ್ಯೂಯಾರ್ಕಿನ ಗುಬ್ನರ್ ಎಂಬ ವೈದ್ಯರು ಅಮಿನಾಪ್ಟರಿನ್ನಿನಿಂದ ಸಂಧಿವಾತದ ಊತ ಇಳಿಯುವುದನ್ನು ಗಮನಿಸಿದರು. ಆದರೆ ಅದು ಕಾರ್ಟಿಸೋನಿನ ಪವಾಡಕ್ಕೆ ಲೋಕವೆಲ್ಲ ಬೆರಗಾಗಿದ್ದ ಕಾಲ. ಗುಬ್ನರ್ ಮಾತು ಮೂಲೆಗೆ ಬಿತ್ತು. ಮೂರು ದಶಕಗಳು ಕಳೆದ ಮೇಲೆ, ೧೯೮೫ರಲ್ಲಿ, ವೈನ್‌ಬ್ಲಾಟ್ ಮತ್ತು ಸಂಗಡಿಗರ ಪರೀಕ್ಷೆ ವಾರಕ್ಕೊಮ್ಮೆ ಕೊಟ್ಟ ಅಲ್ಪ ಪ್ರಮಾಣದ ಮೆಥೊಟ್ರೆಕ್ಸೇಟ್ ಈ ರೋಗವನ್ನು ಹತೋಟಿಗೆ ತರುತ್ತದೆಂದು ತೋರಿಸಿತು. ೧೯೮೮ರಲ್ಲಿ ಅಮೆರಿಕದಲ್ಲಿ ಈ ಉಪಯೋಗಕ್ಕೆ ಅಧಿಕೃತ ಅನುಮತಿ ದೊರೆಯಿತು.

ದೇಹದೊಳಗೆ ನಡೆಯುವುದೇನು?

ಜೀವಕೋಶವೊಂದು ಎರಡಾಗಿ ಒಡೆದು ಬೆಳೆಯಬೇಕಾದರೆ ವಂಶವಾಹಿನಿಯ ಹೊಸ ಪ್ರತಿಯೊಂದನ್ನು ರಚಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುವುದರಲ್ಲಿ ಫೋಲಿಕ್ ಆಮ್ಲದ ಪಾತ್ರ ದೊಡ್ಡದು. ಆದರೆ ನಾವು ತಿಂದ ಫೋಲಿಕ್ ಆಮ್ಲ ಇದ್ದ ಹಾಗೆಯೇ ಕೆಲಸಕ್ಕೆ ಬಾರದು. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಅದನ್ನು ಕೆಲಸಕ್ಕೆ ಅಣಿಗೊಳಿಸಬೇಕು. ಮೆಥೊಟ್ರೆಕ್ಸೇಟಿನ ಅಣುವಿಗೂ ಫೋಲಿಕ್ ಆಮ್ಲದ ಅಣುವಿಗೂ ಎರಡೇ ಕಡೆ ಚಿಕ್ಕ ವ್ಯತ್ಯಾಸ. ಕಿಣ್ವ ಮೋಸಹೋಗಿ ಇದನ್ನೇ ಅದೆಂದು ಬಗೆದು ಹಿಡಿದುಕೊಳ್ಳುತ್ತದೆ. ಆ ಹಿಡಿತ ಎಷ್ಟು ಬಿಗಿಯೆಂದರೆ ಕಿಣ್ವ ಮತ್ತೆ ಬೇರೆ ಕೆಲಸಕ್ಕೆ ಒದಗುವುದಿಲ್ಲ. ಕೋಶಗಳ ವೃದ್ಧಿ ಅಲ್ಲಿಗೆ ನಿಲ್ಲುತ್ತದೆ. ಕ್ಯಾನ್ಸರಿನಲ್ಲಿ ಭಾರಿ ಪ್ರಮಾಣ ಕೊಡುವುದು ಈ ಪರಿಣಾಮಕ್ಕಾಗಿಯೇ.

ಸಂಧಿವಾತದಲ್ಲಿ ಕೊಡುವ ಪ್ರಮಾಣ ತೀರ ಸ್ವಲ್ಪ. ಇಡೀ ವಾರಕ್ಕೆ ಸಾಮಾನ್ಯವಾಗಿ ೭.೫ರಿಂದ ೨೫ ಮಿಲಿಗ್ರಾಂ. ಇಷ್ಟರಿಂದ ಕೋಶಗಳು ಸಾಯುವುದಿಲ್ಲ, ಸಾಯಬೇಕಾಗಿಯೂ ಇಲ್ಲ. ಇಲ್ಲಿ ಔಷಧವು ಮತ್ತೊಂದು ಕಿಣ್ವವನ್ನು ತಡೆದು, ಅಡೆನೋಸಿನ್ ಎಂಬ ಪದಾರ್ಥವು ಕೋಶಗಳಿಂದ ಹೊರಬಂದು ಉರಿಯೂತದ ಸ್ಥಳದಲ್ಲಿ ಸೇರುವಂತೆ ಮಾಡುತ್ತದೆ. ಅಡೆನೋಸಿನ್ ದೇಹದ ಸಹಜವಾದ ಶಾಂತಿದೂತ. ಕೆರಳಿದ ಬಿಳಿಯ ರಕ್ತಕಣಗಳಿಗೆ ಅದು ಸಾಕು ನಿಲ್ಲಿ ಎಂದು ಸೂಚನೆ ಕೊಡುತ್ತದೆ. ಅಲ್ಪ ಪ್ರಮಾಣದ ಮೆಥೊಟ್ರೆಕ್ಸೇಟಿನ ಗುಣ ಬಹುಮಟ್ಟಿಗೆ ಈ ದಾರಿಯಿಂದ ಬರುತ್ತದೆಂದು ವಿಜ್ಞಾನಿಗಳು ಭಾವಿಸಿದ್ದಾರೆ. ಈ ಕಾರಣದಿಂದಲೇ, ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನು ಕೊಟ್ಟರೂ ಕೀಲಿಗೆ ಆಗುವ ಗುಣ ಕೆಡುವುದಿಲ್ಲ. ಬಾಯಿಹುಣ್ಣು, ವಾಕರಿಕೆ, ಯಕೃತ್ತಿನ ತೊಂದರೆಗಳು ಮಾತ್ರ ಕಡಿಮೆಯಾಗುತ್ತವೆ. ಒಂದು ಮಾತ್ರೆ ಇನ್ನೊಂದನ್ನು ಹೊಡೆದುಹಾಕುವುದಾದರೆ ಎರಡನ್ನೂ ಏಕೆ ಬರೆದರೆಂದು ಸಂದೇಹಪಡುವವರಿಗೆ ಇದೇ ಉತ್ತರ.

ವಾರಕ್ಕೊಮ್ಮೆಯೇ ಏಕೆ?

ನುಂಗಿದ ಮಾತ್ರೆಯ ಬಹುಭಾಗ ಸಣ್ಣಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ಹೊರಹಾಕುವ ಹೊಣೆ ಮುಖ್ಯವಾಗಿ ಮೂತ್ರಪಿಂಡಗಳದು. ಒಂದು ದಿನ ಕಳೆಯುವುದರೊಳಗೆ ರಕ್ತದಲ್ಲಿ ಅದು ಬಹುಮಟ್ಟಿಗೆ ಉಳಿದಿರುವುದಿಲ್ಲ. ಹಾಗಾದರೆ ಉಳಿದ ಆರು ದಿನ ಕೆಲಸ ಮಾಡುವುದು ಯಾವುದು? ರಕ್ತದಿಂದ ಕೋಶದೊಳಗೆ ಹೊಕ್ಕ ಔಷಧಕ್ಕೆ ಅಲ್ಲಿ ಗ್ಲುಟಮೇಟ್ ಎಂಬ ಅಣುಗಳು ಒಂದರ ಹಿಂದೊಂದು ಬಾಲದಂತೆ ಅಂಟಿಕೊಳ್ಳುತ್ತವೆ. ಬಾಲ ಬೆಳೆದ ಔಷಧ ಕೋಶದಿಂದ ಸುಲಭವಾಗಿ ಹೊರಬರಲಾರದೆ ದಿನಗಟ್ಟಲೆ, ವಾರಗಟ್ಟಲೆ ಒಳಗೇ ನಿಂತು ಕೆಲಸ ಮಾಡುತ್ತದೆ. ವಾರಕ್ಕೊಂದು ದಿನದ ಮಾತ್ರೆ ಏಳು ದಿನಕ್ಕೂ ಸಾಲುವುದು ಹೀಗೆ. ಈ ಸಂಗ್ರಹ ನಿಧಾನವಾಗಿ ತುಂಬಬೇಕಾದುದರಿಂದಲೇ ಗುಣ ಕಾಣುವುದಕ್ಕೂ ಆರರಿಂದ ಹನ್ನೆರಡು ವಾರ ಬೇಕು. ಮೂರನೆಯ ವಾರದಲ್ಲಿ ಏನೂ ಪ್ರಯೋಜನವಿಲ್ಲವೆಂದು ಬಿಟ್ಟುಬಿಡುವುದು, ರಾಗಿ ಬಿತ್ತಿ ತಿಂಗಳಿಗೇ ತೆನೆ ಅರಸಿದ ಹಾಗೆ.

ಇನ್ನು ದಿನವೂ ಸೇವಿಸಿದರೆ ಏನಾಗುತ್ತದೆ? ನಮ್ಮ ದೇಹದಲ್ಲಿ ಬಿಡುವಿಲ್ಲದೆ ಹೊಸದಾಗಿ ಹುಟ್ಟುತ್ತಿರುವ ಕೋಶಗಳು ಮೂರು ಕಡೆ ಮುಖ್ಯವಾಗಿವೆ: ಬಾಯಿಯ ಒಳಪೊರೆ, ಕರುಳಿನ ಒಳಪೊರೆ, ರಕ್ತ ಹುಟ್ಟುವ ಮೂಳೆಯ ಮಜ್ಜೆ. ವಾರಕ್ಕೊಮ್ಮೆ ಪೆಟ್ಟು ಬಿದ್ದರೆ ಅವು ನಡುವಣ ದಿನಗಳಲ್ಲಿ ಸುಧಾರಿಸಿಕೊಳ್ಳುತ್ತವೆ. ದಿನವೂ ಬಿದ್ದರೆ ಆ ಬಿಡುವೇ ಇಲ್ಲವಾಗುತ್ತದೆ. ಮೊದಲು ಬಾಯಿತುಂಬ ಹುಣ್ಣು, ಬಳಿಕ ಭೇದಿ, ಆಮೇಲೆ ಬಿಳಿಯ ರಕ್ತಕಣಗಳು ಕುಸಿದು ಜ್ವರ, ಸೋಂಕು, ರಕ್ತಸ್ರಾವ. ಮಾತ್ರೆ ಚಿಕ್ಕದೆಂಬ ಸಮಾಧಾನ ಇಲ್ಲಿ ನಡೆಯದು. ವಾರಕ್ಕೆ ೧೫ ಮಿಲಿಗ್ರಾಂ ಬರೆದ ವೈದ್ಯರು ೨.೫ ಮಿಲಿಗ್ರಾಮಿನ ಆರು ಮಾತ್ರೆಗಳನ್ನು ಒಂದೇ ದಿನ ನುಂಗಲು ಹೇಳಿದರೆ, ಕೇಳಿದವರಿಗೆ ಅದು ಅತಿಯೆಂದು ತೋರಿ, ದಿನಕ್ಕೊಂದರಂತೆ ಆರು ದಿನಕ್ಕೆ ಹಂಚಿಕೊಳ್ಳುವ ಮನಸ್ಸಾಗಬಹುದು. ಮೇಲುನೋಟಕ್ಕೆ ಇದು ಜಾಣತನ. ವಾಸ್ತವವಾಗಿ ಇದೇ ಅಪಾಯ. ಒಟ್ಟು ತೂಕ ಒಂದೇ ಆದರೂ ಬಿಡುವು ತಪ್ಪಿಹೋಗುತ್ತದೆ.

ಇಂಥ ದುರಂತಗಳು ಓದುಬರಹ ಬಲ್ಲ ಮುಂದುವರಿದ ದೇಶಗಳಲ್ಲಿಯೂ ನಡೆದಿವೆ. ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು ೨೦೧೯ರಲ್ಲಿ ಈ ಮಾತ್ರೆಗಳನ್ನು ಡಬ್ಬಿಯಲ್ಲಿ ಸುರಿದು ಮಾರದೆ ಪಟ್ಟಿಗಳಲ್ಲಿಯೇ ಮಾರಬೇಕೆಂದೂ, ಪೊಟ್ಟಣದ ಮೇಲೆ ಎಚ್ಚರಿಕೆ ಎದ್ದು ಕಾಣಬೇಕೆಂದೂ, ರೋಗಿಗೆ ವಾರದ ನಿಯಮ ತಿಳಿಸುವ ಚೀಟಿಯೊಂದನ್ನು ಕೊಡಬೇಕೆಂದೂ ಸೂಚಿಸಿತು.

ಎರಡು ಹಳದಿ ಮಾತ್ರೆ, ಮೂರು ಭಾಷೆ

ನಮ್ಮ ಕಡೆ ಈ ಅಪಾಯಕ್ಕೆ ಇನ್ನೂ ಎರಡು ಬಾಗಿಲುಗಳಿವೆ. ಮೊದಲನೆಯದು ಬಣ್ಣ. ಮೆಥೊಟ್ರೆಕ್ಸೇಟ್ ಮಾತ್ರೆ ಸಾಮಾನ್ಯವಾಗಿ ಹಳದಿ, ಫೋಲಿಕ್ ಆಮ್ಲದ ಮಾತ್ರೆಯೂ ಸಾಮಾನ್ಯವಾಗಿ ಹಳದಿ, ಎರಡೂ ಚಿಕ್ಕವು. ಪಟ್ಟಿಯಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿಟ್ಟರೆ ಕಣ್ಣು ಮಂಜಾದ ಹಿರಿಯರಿಗೆ ಗುರುತು ಸಿಕ್ಕದು. ಫೋಲಿಕ್ ಆಮ್ಲವನ್ನು ಕೆಲವು ವೈದ್ಯರು ವಾರಕ್ಕೊಮ್ಮೆ, ಕೆಲವರು ಮೆಥೊಟ್ರೆಕ್ಸೇಟಿನ ದಿನವೊಂದನ್ನು ಬಿಟ್ಟು ಉಳಿದ ದಿನಗಳಲ್ಲಿ ಸೇವಿಸಲು ಹೇಳುತ್ತಾರೆ. ಅದಲುಬದಲಾದರೆ ದಿನವೂ ನುಂಗುವ ಮಾತ್ರೆ ಮೆಥೊಟ್ರೆಕ್ಸೇಟ್ ಆಗಿಬಿಡುತ್ತದೆ.

ಎರಡನೆಯದು ಭಾಷೆ. ಹೊಸೂರಿಗೆ ಬೆಂಗಳೂರು ಸುಮಾರು ೪೦ ಕಿಲೋಮೀಟರು. ತಳಿ, ಡೆಂಕಣಿಕೋಟೆ, ಬಾಗಲೂರು, ಕೆಲಮಂಗಲಗಳಿಂದ ಎಷ್ಟೋ ಮಂದಿ ದೊಡ್ಡ ಕಾಯಿಲೆಯೆಂದರೆ ಅಲ್ಲಿಗೇ ಹೋಗುತ್ತಾರೆ. ಕೃಷ್ಣಗಿರಿಯಲ್ಲಿಯೂ ೨೦೨೨ರ ಜನವರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿದೆ. ಚೀಟಿ ಎಲ್ಲಿಯದಾದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಅಂಗಡಿಯವರು ತಮಿಳಿನಲ್ಲಿ ವಿವರಿಸುತ್ತಾರೆ. ಮನೆಯಲ್ಲಿ ಅಜ್ಜಿ ಕೇಳಿಸಿಕೊಳ್ಳುವುದು ಕನ್ನಡದಲ್ಲಿ. ನಮ್ಮ ಹಿರಿಯರಲ್ಲಿ ಅನೇಕರು ಕನ್ನಡ ಶಾಲೆಯಲ್ಲಿ ಓದಿದವರು, ತಮಿಳು ಲಿಪಿ ಅವರಿಗೆ ತೊಡಕು. ೨೦೦೬ರ ತಮಿಳು ಕಲಿಕೆಯ ಕಾಯಿದೆಯ ಅನಂತರ ಶಾಲೆಗೆ ಸೇರಿದ ಮೊಮ್ಮಕ್ಕಳಿಗೆ ತಮಿಳು ಸರಾಗ, ಕನ್ನಡದ ಓದು ಹಲವರಿಗೆ ಕೈತಪ್ಪಿದೆ. ಮಾತ್ರೆ ಎತ್ತಿಕೊಡುವವರು ಒಂದು ಲಿಪಿ ಬಲ್ಲವರು, ನುಂಗುವವರು ಇನ್ನೊಂದು ಲಿಪಿ ಬಲ್ಲವರು.

ಕಿವಿಗೆ ಬೀಳುವ ಮಾತಿನಲ್ಲೂ ಮೋಸವುಂಟು. ತಮಿಳಿನಲ್ಲಿ ತಿಂಗಳ್ ಎಂದರೆ ಸೋಮವಾರ. ಅದೇ ಮಾತು ಕನ್ನಡದ ಕಿವಿಗೆ ಮೂವತ್ತು ದಿನದ ತಿಂಗಳಾಗಿ ಕೇಳುತ್ತದೆ. ತಮಿಳಿನಲ್ಲಿ ವಾರಂ ಎಂದರೆ ಏಳು ದಿನದ ಅವಧಿ. ಕನ್ನಡದಲ್ಲಿ ವಾರವೆಂದರೆ ಏಳು ದಿನವೂ ಹೌದು, ಈ ದಿನ ಯಾವ ವಾರ ಎಂದು ಕೇಳಿದಾಗ ಒಂದು ದಿನದ ಹೆಸರೂ ಹೌದು. ಚೆವ್ವಾಯ್ ಎಂಬುದು ಮಂಗಳವಾರವೆಂದೂ ವಿಯಾಳನ್ ಎಂಬುದು ಗುರುವಾರವೆಂದೂ ತಿಳಿಯದ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಶನಿ ಎಂಬುದು ಎರಡು ಭಾಷೆಗಳಲ್ಲೂ ಒಂದೇ.

ಆದಕಾರಣ ವಾರಕ್ಕೊಮ್ಮೆ ಎಂದಷ್ಟೇ ಕೇಳಿಕೊಂಡು ಬರದೆ, ಯಾವ ದಿನ ಎಂದು ವೈದ್ಯರಿಂದಲೇ ಹೆಸರಿಸಿ ಬರೆಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಆ ದಿನದ ಹೆಸರನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ದಪ್ಪ ಅಕ್ಷರಗಳಲ್ಲಿ ಬರೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿ, ಸೇವಿಸಿದೊಡನೆ ಗೀಟು ಎಳೆಯಬೇಕು. ಎರಡು ಹಳದಿ ಮಾತ್ರೆಗಳಿಗೆ ಎರಡು ಬೇರೆ ಡಬ್ಬಿಗಳಿರಲಿ. ಶನಿವಾರವೋ ಸೋಮವಾರವೋ ಒಪ್ಪತ್ತು ಹಿಡಿಯುವ ನಮ್ಮ ಹೆಂಗಸರಿಗೆ ವಾರ ತಪ್ಪದೆ ನಡೆಸುವುದು ಹೊಸ ಪಾಠವೇನಲ್ಲ. ಒಪ್ಪತ್ತಿನ ದಿನವನ್ನು ಬಿಟ್ಟು ಬೇರೆ ದಿನವನ್ನು ಆರಿಸಿಕೊಂಡು ರಾತ್ರಿ ಊಟವಾದ ಮೇಲೆ ಸೇವಿಸಿದರೆ ವಾಕರಿಕೆಯ ಕಾಟವೂ ಕಡಿಮೆ. ಒಂದು ದಿನ ಮರೆತರೆ ಎರಡು ದಿನಗಳೊಳಗೆ ಸೇವಿಸಬಹುದು. ಅದೂ ಮೀರಿದರೆ ಮುಂದಿನ ವಾರಕ್ಕೆ ಕಾಯಬೇಕು. ಎಂದಿಗೂ ಎರಡು ವಾರದ್ದನ್ನು ಒಟ್ಟಿಗೆ ನುಂಗಬಾರದು.

ಕಾವಲು ಮತ್ತು ಕೂಡದ ಜೊತೆ

ಈ ಮದ್ದು ಸೇವಿಸುವವರು ರಕ್ತಪರೀಕ್ಷೆಗೆ ಬೇಸರಪಡಬಾರದು. ರಕ್ತಕಣಗಳ ಎಣಿಕೆ, ಯಕೃತ್ತಿನ ಸ್ಥಿತಿ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನೀನ್, ಈ ಮೂರನ್ನು ಮೊದಲ ತಿಂಗಳುಗಳಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಪ್ರಮಾಣ ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ನೋಡಿಸುತ್ತಾರೆ. ಮೂತ್ರಪಿಂಡ ಸೋತರೆ ಔಷಧ ಹೊರಹೋಗದೆ ರಕ್ತದಲ್ಲಿಯೇ ನಿಲ್ಲುತ್ತದೆ. ಆಗ ವಾರದ ಪ್ರಮಾಣವೇ ದಿನದ ಪ್ರಮಾಣದಂತೆ ವರ್ತಿಸುತ್ತದೆ. ವಾಂತಿ ಭೇದಿಯಿಂದ ದೇಹ ಒಣಗಿದ ವಾರದಲ್ಲಿ ಮಾತ್ರೆಯನ್ನು ತಡೆದು ವೈದ್ಯರನ್ನು ಕೇಳಬೇಕೆಂಬುದೂ ಈ ಕಾರಣಕ್ಕೇ.

ಮೂತ್ರದ ಉರಿಗೆ, ಭೇದಿಗೆ ಧಾರಾಳವಾಗಿ ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಮಾತ್ರೆ ಇದಕ್ಕೆ ಕಡು ವೈರಿ. ಅದೂ ಫೋಲಿಕ್ ಆಮ್ಲದ ದಾರಿಯನ್ನೇ ತಡೆಯುವುದರಿಂದ ಎರಡೂ ಕೂಡಿದರೆ ಮಜ್ಜೆ ಕುಸಿಯಬಹುದು. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಮೆಥೊಟ್ರೆಕ್ಸೇಟ್ ಸೇವಿಸುತ್ತಿರುವುದನ್ನು ಮೊದಲು ಹೇಳಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು. ಮದ್ಯವು ಯಕೃತ್ತಿಗೆ ಎರಡನೆಯ ಪೆಟ್ಟು. ಒಣಕೆಮ್ಮು, ಏದುಸಿರು ಹೊಸದಾಗಿ ಬಂದರೆ ಶ್ವಾಸಕೋಶಕ್ಕೆ ಔಷಧದಿಂದಲೇ ತೊಂದರೆಯಾಗಿರಬಹುದು. ಅದನ್ನು ಶೀತವೆಂದು ಕಡೆಗಣಿಸುವಂತಿಲ್ಲ.

ಮಕ್ಕಳನ್ನು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಿಶೇಷ ಎಚ್ಚರಿಕೆ ಬೇಕು. ಕೋಶಗಳ ವೃದ್ಧಿಯನ್ನು ತಡೆಯುವ ಮದ್ದು ಗರ್ಭದ ಶಿಶುವಿಗೆ ಘಾತಕ. ಗರ್ಭಪಾತವನ್ನೂ ಅಂಗವೈಕಲ್ಯವನ್ನೂ ಅದು ತರಬಲ್ಲದು. ಗರ್ಭ ಧರಿಸುವ ಯೋಚನೆಯಿದ್ದರೆ ಕನಿಷ್ಠ ಮೂರು ತಿಂಗಳು, ಕೆಲವು ವೈದ್ಯರ ಮತದಲ್ಲಿ ಆರು ತಿಂಗಳು ಮುಂಚೆಯೇ ಇದನ್ನು ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಯಿಸಬೇಕು. ಮೊಲೆಯೂಡಿಸುವ ತಾಯಂದಿರಿಗೂ ಇದು ಸಲ್ಲದು. ಮದುವೆಯಾಗಿ ಬಂದ ಸೊಸೆ ಅತ್ತೆಯ ಮನೆಯಲ್ಲಿ ಕಾಯಿಲೆಯ ಮಾತೆತ್ತಲು ಅಂಜಿ ಮದ್ದನ್ನು ಬಚ್ಚಿಟ್ಟು ಸೇವಿಸುವಂಥ ಸ್ಥಿತಿ ಬರಬಾರದು. ಇದು ಆ ಮನೆಯ ಎಲ್ಲರ ಹೊಣೆ.

ತಪ್ಪಿ ದಿನವೂ ಸೇವಿಸಿದ್ದು ತಿಳಿದುಬಂದರೆ, ಬಾಯಿಹುಣ್ಣು ಕಾಣಲಿ ಕಾಣದಿರಲಿ, ಆ ಕ್ಷಣವೇ ಮಾತ್ರೆ ನಿಲ್ಲಿಸಿ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಬೇಕು. ೧೦೮ಕ್ಕೆ ಕರೆ ಮಾಡಲು ಸಂಕೋಚ ಬೇಡ. ಫೋಲಿನಿಕ್ ಆಮ್ಲವೆಂಬ ಪ್ರತಿಮದ್ದು ಇದಕ್ಕಿದೆ. ಮುಚ್ಚಿಹೋದ ಕಿಣ್ವದ ದಾರಿಯನ್ನು ಅದು ಬಳಸಿಕೊಂಡು ಹೋಗಿ ಕೋಶಗಳಿಗೆ ನೇರವಾಗಿ ಒದಗುತ್ತದೆ. ಬೇಗ ಕೊಟ್ಟಷ್ಟೂ ಅದರ ಫಲ ಹೆಚ್ಚು.

ಇಷ್ಟೆಲ್ಲ ಓದಿ ಈ ಮದ್ದಿನ ಸಹವಾಸವೇ ಬೇಡವೆಂದು ಯಾರಾದರೂ ಹಿಂಜರಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಚಿಕಿತ್ಸೆಯಿಲ್ಲದ ರುಮಟಾಯ್ಡ್ ಸಂಧಿವಾತ ಮೊದಲ ಒಂದೆರಡು ವರ್ಷಗಳಲ್ಲಿಯೇ ಕೀಲುಗಳನ್ನು ಕೆಡಿಸತೊಡಗುತ್ತದೆ. ಹಾಗೆ ಕೆಟ್ಟ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಎರಡೇ ದಿನದಲ್ಲಿ ನೋವು ಮಾಯವೆಂದು ಹೇಳಿ ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದುದು ಪರೀಕ್ಷೆಗಳಲ್ಲಿ ಹಲವು ಬಾರಿ ಹೊರಬಿದ್ದಿದೆ. ಅವು ನೋವನ್ನು ಮರೆಸಿ ಮೂಳೆಯನ್ನು ಟೊಳ್ಳು ಮಾಡುತ್ತವೆ. ಮೆಥೊಟ್ರೆಕ್ಸೇಟ್ ಹಾಗಲ್ಲ. ನಲವತ್ತು ವರ್ಷಗಳ ಅನುಭವದಲ್ಲಿ ತೂಗಿ ನೋಡಿದ ಮದ್ದು ಅದು. ಬೆಲೆಯೂ ಬಡವರ ಕೈಗೆ ಎಟುಕುವಂಥದು. ಅದು ನಮ್ಮಿಂದ ಬೇಡುವುದು ವಾರದ ಒಂದು ದಿನವನ್ನು ನೆನಪಿಡುವ ಶಿಸ್ತನ್ನು, ಉಳಿದ ಆರು ದಿನ ಅದನ್ನು ಮುಟ್ಟದಿರುವ ಸಂಯಮವನ್ನು. ಮನೆಯಲ್ಲಿ ಈ ಮಾತ್ರೆ ಸೇವಿಸುವವರಿದ್ದರೆ, ಅದು ಯಾವ ದಿನದ ಮಾತ್ರೆಯೆಂಬುದು ಅವರಲ್ಲದೆ ಮನೆಯ ಇನ್ನೊಬ್ಬರಿಗಾದರೂ ಬಾಯಿಪಾಠವಾಗಿರಲಿ.